ಕುಲೀನ ಮಾರ್ಜಾಲಶಿಶುವಿನ ರೂಪ-ಶೀಲ ಮೀಮಾಂಸೆ

1. ಉದ್ದೇಶ, ವ್ಯಾಪ್ತಿ ಮತ್ತು ಮಿತಿ

ಬೆಂಗಳೂರಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ‘ಪರ್ಷಿಯನ್ ಕಿಟನ್ ಫಾರ್ ಸೇಲ್’ ಎಂಬ ಪಠ್ಯಗಳನ್ನು ಪ್ರಾಥಮಿಕ ಆಕರವಾಗಿಟ್ಟುಕೊಂಡು, ಮನೆ ಅರಸುತ್ತಿರುವ ಕುಲೀನ ಬೆಕ್ಕಿನ ಮರಿಯ ಅನನ್ಯತೆಯ ನೆಲೆಗಳನ್ನು ಶೋಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮರಿಯ ಅಭಿಪ್ರಾಯ ಇದರ ವ್ಯಾಪ್ತಿಗೆ ಬರುವುದಿಲ್ಲ. ತಾಯಿಬೆಕ್ಕಿನದಂತೂ ಮೊದಲೇ ಇಲ್ಲ.

ಪೂರ್ವೇತಿಹಾಸ: 1871ರ ಜುಲೈ 13ರಂದು ಹ್ಯಾರಿಸನ್ ವಿಯರ್ ಎಂಬ ಚಿತ್ರಕಲಾವಿದ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಬೆಕ್ಕುಗಳ ಪ್ರದರ್ಶನ ಏರ್ಪಡಿಸಿದ. ಇಲಿ ಹಿಡಿದು ಹೊಟ್ಟೆ ಹೊರೆಯುತ್ತಿದ್ದ ಪ್ರಾಣಿಗೆ ಅಂಕಪಟ್ಟಿ ಬಂತು. ಆ ಕಾಲದ ಪರ್ಷಿಯನ್ನಿಗೆ ಮೂಗಿತ್ತು ಎಂಬುದನ್ನು ವಿದ್ವಾಂಸರು ಗಮನಿಸಬೇಕು.

2. ರೂಪವಿಚಾರ

ಮುಖವು ಪಂಚವಿಧ. ‘ಡಾಲ್ ಫೇಸ್’: ಮೂಗು ಉಂಟು, ಆದಕಾರಣ ಬೆಲೆ ಕಡಿಮೆ. ‘ಸೆಮಿ ಪಂಚ್’: ಮೂಗು ಸಂದಿಗ್ಧ. ‘ಪಂಚ್’: ಮೂಗು ಎರಡು ಕಣ್ಣುಗಳ ನಡುವೆ ತಲೆಮರೆಸಿಕೊಂಡಿರುತ್ತದೆ. ಬೆಲೆಯೂ ಮೂಗೂ ವಿಲೋಮಾನುಪಾತದಲ್ಲಿವೆ ಎಂಬ ಸೂತ್ರ ಇಲ್ಲಿ ಸಿದ್ಧವಾಯಿತು. ಉಳಿದೆರಡು ವಿಧಗಳಲ್ಲಿ ಹೇಳಿಕೊಳ್ಳುವಂಥ ಮೂಗಿಲ್ಲವಾಗಿ ಚರ್ಚೆ ಅನಗತ್ಯ.

2 (ಅ). ನೇತ್ರ. ‘ಬ್ಲೂ ಐಸ್, ವೆರಿ ರೇರ್.’ ಗಾಂಧಿ ಬಜಾರಿನ ಹೂವಿನ ಬುಟ್ಟಿಗಳ ಹಿಂದೆ ಹುಟ್ಟಿದ ಕೊತ್ತಿಮರಿಗೂ ಮೊದಲ ಕೆಲವು ವಾರ ಕಣ್ಣು ನೀಲಿಯೇ. ನಿಜವಾದ ಬಣ್ಣ ಮೂಡತೊಡಗುವುದು ಆರೇಳು ವಾರದ ಹೊತ್ತಿಗೆ. ಅಂದಮೇಲೆ ಈ ನೀಲಿ ಎಷ್ಟೋ ಸಲ ಸಾರುವುದು ಕುಲವನ್ನಲ್ಲ, ಮರಿಯನ್ನು ತಾಯಿಯ ಮೊಲೆಯಿಂದ ಎಷ್ಟು ಬೇಗ ಕಿತ್ತರು ಎಂಬುದನ್ನು. ಎಂಟು ವಾರ ತುಂಬದ ಮರಿಯನ್ನು ಅಂಗಡಿಯಲ್ಲಿ ಮಾರಕೂಡದೆಂದು 2018ರ ಕೇಂದ್ರ ನಿಯಮ ಹೇಳುತ್ತದೆ. ‘ಫಾರ್ಟಿ ಡೇಸ್ ಓಲ್ಡ್, ಆ್ಯಕ್ಟಿವ್’ ಎನ್ನುತ್ತದೆ ನಮ್ಮ ಆಕರಪಠ್ಯ.

2 (ಆ). ರೋಮ. ‘ಟ್ರಿಪಲ್ ಕೋಟ್.’ ‘ಆಲ್ ಕರ್ನಾಟಕ ಡೆಲಿವರಿ’ ಎಂದಮೇಲೆ ಏಪ್ರಿಲ್ ತಿಂಗಳ ಕಲಬುರಗಿಯೂ ಸೇರಿತಷ್ಟೆ. ಬಾಲ, ಪಾದ, ಮೀಸೆಗಳನ್ನು ಗ್ರಂಥವಿಸ್ತಾರಭಯದಿಂದ ಕೈಬಿಡಲಾಗಿದೆ.

3. ಶೀಲವಿಚಾರ

‘ಪಾಟಿ ಟ್ರೇನ್ಡ್.’ ತಾನು ಮಾಡಿದ್ದನ್ನು ಮಣ್ಣು ಕೆರೆದು ಮುಚ್ಚುವ ವಿದ್ಯೆಯನ್ನು ಬೆಕ್ಕಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಗುರುದಕ್ಷಿಣೆ ಬೆಲೆಯಲ್ಲೇ ಸೇರಿರುತ್ತದೆ.

‘ವೆರಿ ಕಾಮ್, ಕಿಡ್ಸ್ ಫ್ರೆಂಡ್ಲಿ.’ ಈ ಶಮಗುಣದ ತಾತ್ವಿಕ ನೆಲೆಗಟ್ಟನ್ನು... ಬೇಡ, ನೇರವಾಗಿಯೇ ಹೇಳುತ್ತೇನೆ. ಪರ್ಷಿಯನ್ ಸಾಧು ತಳಿ, ಒಪ್ಪೋಣ. ಆದರೆ ಮೂಗಿನ ಹೊಳ್ಳೆ ಸೀಳಿನಷ್ಟು ಸಣ್ಣದಾದ ಮರಿ ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಬಿಡುತ್ತದೆ, ಅದಕ್ಕೇ ಕೂತಿರುತ್ತದೆ. ಅದನ್ನು ಶಾಂತಸ್ವಭಾವ ಎಂದು ಬರೆದು ಮಾರಲು ಕೈಯಾದರೂ ಹೇಗೆ ಬರುತ್ತದೆ? ಮುಖ ಚಪ್ಪಟೆಯಾಗಲೆಂದು ತಲೆತಲಾಂತರದಿಂದ ಜೋಡಿ ಕಟ್ಟಿದವರು ಮನುಷ್ಯರು. ಮುಖದೊಂದಿಗೆ ಕಣ್ಣೀರಿನ ನಾಳವೂ ಸೊಟ್ಟಗಾಯಿತು. ಮೂಗಿಗೆ ಇಳಿಯಬೇಕಾದ ನೀರು ಕೆನ್ನೆಗಿಳಿಯುತ್ತದೆ. ನಮ್ಮ ಮೇಲಿನ ಮನೆಯ ಹುಡುಗಿ ಸ್ಕೂಲಿಗೆ ಹೊರಡುವ ಮುಂಚೆ ಬೆಚ್ಚನೆ ನೀರಲ್ಲಿ ಹತ್ತಿ ಅದ್ದಿ ತನ್ನ ಪರ್ಷಿಯನ್ ಬೆಕ್ಕು ಸಿಂಬನ ಕಣ್ಣಡಿಯ ಕಂದುಗೆರೆ ಒರೆಸುತ್ತಾಳೆ. ಸಂಜೆ ಬರುವಷ್ಟರಲ್ಲಿ ಗೆರೆ ಮತ್ತೆ ಅಲ್ಲೇ. “ಅಮ್ಮಾ, ಇವನು ಇವತ್ತೂ ಅತ್ತಿದಾನೆ!”

ಮೂತ್ರಪಿಂಡದಲ್ಲಿ ನೀರುಗುಳ್ಳೆ ಕಟ್ಟಿ ಕೊಲ್ಲುವ ಒಂದು ರೋಗವೂ ಈ ಕುಲದಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆ. ಪತ್ತೆಗೆ ಡಿಎನ್‌ಎ ಪರೀಕ್ಷೆಯಿದೆ. ‘ಪೆಡಿಗ್ರೀ’ ಎಂದು ದಪ್ಪಕ್ಷರದಲ್ಲಿ ಬರೆದ ಯಾವ ಜಾಹೀರಾತಿನಲ್ಲೂ ಆ ಪರೀಕ್ಷೆಯ ಸುದ್ದಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅಪ್ಪ ‘ಇಂಪೋರ್ಟೆಡ್’ ಎಂದಿರುತ್ತದೆ, ಅಷ್ಟೆ.

4. ಗೃಹಪ್ರಾಪ್ತಿ

‘ಲವಿಂಗ್ ಹೋಮ್ ಬೇಕು, ಚೌಕಾಸಿ ಇಲ್ಲ.’ ಇದೇ ಆಕರಗಳಲ್ಲಿ ಇನ್ನೊಂದು ಪ್ರಭೇದದ ಪಠ್ಯವೂ ಹೇರಳವಾಗಿ ದೊರೆಯುತ್ತದೆ: ‘ಪರ್ಷಿಯನ್, ಎರಡು ವರ್ಷ, ಓನರ್ ಶಿಫ್ಟಿಂಗ್. ಕೇಜ್, ಟ್ರೇ, ಅರ್ಧ ಚೀಲ ಫುಡ್ ಫ್ರೀ. ಇವತ್ತೇ ತಗೊಂಡು ಹೋಗೋರು ಮಾತ್ರ ಕಾಲ್ ಮಾಡಿ.’