ಮಾಣಿಯನ್ನು ಮಾರುವ ಮುಹೂರ್ತ

"ಹುಡುಗನಿಗೆ ಇಪ್ಪತ್ತು ತುಂಬೋದ್ರೊಳಗೆ ಮಾರಿಬಿಡ್ಬೇಕು ಅಪ್ಪಯ್ಯ. ಆಮೇಲೆ ರೇಟು ಬರಲ್ಲ."

ಮೆಟ್ರೋದಲ್ಲಿ ನಿಂತು ಫೋನಿನಲ್ಲಿ ಇಷ್ಟು ಹೇಳಿದ್ದೇ ತಡ, ಎದುರು ಸೀಟಿನ ಅಜ್ಜಿ ಪಕ್ಕದಲ್ಲಿದ್ದ ಮೊಮ್ಮಗನನ್ನು ಮಡಿಲಿಗೆ ಎಳೆದುಕೊಂಡರು. ಮುಂದಿನ ನಿಲ್ದಾಣ ಬರುವವರೆಗೂ ನನ್ನ ಮೇಲಿನ ಕಣ್ಣು ತೆಗೆಯಲಿಲ್ಲ. ಅವರಿಗೆ ಏನೆಂದು ವಿವರಿಸಲಿ? ಅಜ್ಜೀ, ಆ ಹುಡುಗ ನಿಜವಾದವನಲ್ಲ, ಕಂಪ್ಯೂಟರಿನೊಳಗಿನವನು, ಪೋಲೆಂಡ್ ದೇಶದವನು ಎಂದರೆ ಇನ್ನೂ ಗಾಬರಿಯಾಗುತ್ತಿದ್ದರು.

ಹ್ಯಾಟ್ರಿಕ್ ಎಂದೊಂದು ಆಟವಿದೆ. 1997ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ್ದು. ಫುಟ್ಬಾಲ್ ಆಟವೆಂದು ಹೆಸರೇ ಹೊರತು ಅದರಲ್ಲಿ ಚೆಂಡು ಒದೆಯುವ ಕೆಲಸವೇ ಇಲ್ಲ. ನಾವು ಮ್ಯಾನೇಜರು. ಹುಡುಗರನ್ನು ಕೊಳ್ಳಬೇಕು, ತರಬೇತಿ ಕೊಡಿಸಬೇಕು, ಸಂಬಳ ಎಣಿಸಬೇಕು, ಹನ್ನೊಂದು ಜನರನ್ನು ನಿಲ್ಲಿಸಿ ದೇವರ ಮೇಲೆ ಭಾರ ಹಾಕಬೇಕು. ತರಬೇತಿಯ ಫಲ ಸಿಗುವುದು ವಾರಕ್ಕೊಮ್ಮೆ. ಹಾಲು ಉಕ್ಕುವಷ್ಟು ಹೊತ್ತೂ ಕಾಯಲಾಗದ ಜನ ಈ ಆಟಕ್ಕೆ ಮಾತ್ರ ವರ್ಷಗಟ್ಟಲೆ ಕಾಯುತ್ತೇವೆ.

ತೀರ್ಥಹಳ್ಳಿಯ ಕಡೆ ಅಡಿಕೆ ತೋಟ ಮಾಡಿಕೊಂಡಿರುವ ಅಪ್ಪಯ್ಯನಿಗೆ ಇದನ್ನು ಅರ್ಥಮಾಡಿಸಲು ಐದು ನಿಮಿಷವೂ ಬೇಕಾಗಲಿಲ್ಲ. "ಸಸಿ ತರೋದು, ಗೊಬ್ಬರ ಹಾಕೋದು, ಬೆಳೆದ ಮೇಲೆ ಮಂಡಿಗೆ ಒಯ್ಯೋದು. ಅಷ್ಟೇ ತಾನೆ?" ಎಂದರು. ಅಷ್ಟೇ. ಆದರೆ ಯಾವತ್ತು ಒಯ್ಯೋದು ಅನ್ನುವಲ್ಲಿ ಇಬ್ಬರ ಬಾಯಿಯೂ ಕಟ್ಟುತ್ತದೆ.

ನನ್ನ ಹುಡುಗನ ಹೆಸರು ನಾಲಿಗೆಯ ಮೇಲೆ ಹೊರಳದ್ದರಿಂದ ಮನೆಯಲ್ಲಿ ಅವನನ್ನು ಮಾಣಿ ಎಂದೇ ಕರೆಯುತ್ತಿದ್ದೆವು. ಹದಿನೇಳನೇ ವಯಸ್ಸಿನಲ್ಲಿ ಕೊಂಡದ್ದು. ಮೈದಾನದ ನಡುವೆ ನಿಂತು ಆಟ ಕಟ್ಟುವ ಕಸುಬು. ಈ ಆಟದಲ್ಲಿ ಕೌಶಲ ಅಳೆಯುವುದು ಬಿರುದುಗಳಿಂದ. ಕೆಳಗಿನ ತುದಿಯಲ್ಲಿ 'ಇಲ್ಲವೇ ಇಲ್ಲ', ಅಲ್ಲಿಂದ ಇಪ್ಪತ್ತು ಮೆಟ್ಟಿಲು ಹತ್ತಿದರೆ 'ದೈವಿಕ'. ನಮ್ಮ ಸನ್ಮಾನ ಪತ್ರ ಬರೆಯುವವರು ಈ ಸ್ವೀಡನ್ನಿನವರಿಂದ ಸಂಯಮ ಕಲಿಯಬೇಕು. ನಾವು ಇಪ್ಪತ್ತನೇ ಮೆಟ್ಟಿಲಿನಿಂದಲೇ ಶುರುಮಾಡುತ್ತೇವೆ.

ಮಾಣಿ ಹತ್ತೊಂಬತ್ತನೇ ವಯಸ್ಸಿಗೆ ಹನ್ನೆರಡನೇ ಮೆಟ್ಟಿಲು, ಅಂದರೆ 'ಅಮೋಘ' ಆಗಿದ್ದ. ಆವತ್ತೇ ಮಾರಬೇಕಿತ್ತು. ಯಾಕೆಂದರೆ ಮೆಟ್ಟಿಲುಗಳ ನಡುವಿನ ಜಾಗ ಯಾರಿಗೂ ಕಾಣುವುದಿಲ್ಲ. ನಿನ್ನೆ ಹನ್ನೆರಡಕ್ಕೆ ಕಾಲಿಟ್ಟವನೂ ನಾಳೆ ಹದಿಮೂರಕ್ಕೆ ಏರಲಿರುವವನೂ ಪುಟದಲ್ಲಿ ಒಂದೇ ಬಿರುದು ಹೊತ್ತು ನಿಂತಿರುತ್ತಾರೆ. ಬಿರುದು ಬದಲಾದ ಕೂಡಲೇ ಮಾರಿದವನಿಗೆ ಲಾಭ. ಟಿಎಸ್‌ಐ ಎಂಬ ಇನ್ನೊಂದು ಸಂಖ್ಯೆಯಿದೆ, ಅಡಿಕೆ ಒಡೆದು ಒಳಗಿನ ಬಣ್ಣ ನೋಡುವ ವ್ಯಾಪಾರಿಯಂತೆ ಅದರಿಂದಲೇ ಒಳಗುಟ್ಟು ಹಿಡಿಯುವ ಕಿಲಾಡಿಗಳೂ ಇದ್ದಾರೆ. ಆದರೆ ಎಲ್ಲರೂ ಒಡೆದು ನೋಡುವುದಿಲ್ಲ.

ಇದರ ಮೇಲೆ ಸಂಬಳದ ಲೆಕ್ಕ. ಹುಡುಗ ಎಷ್ಟು ಮೆಟ್ಟಿಲು ಹತ್ತಿದರೂ ಅವನ ಸಂಬಳ ಪರಿಷ್ಕರಣೆಯಾಗುವುದು ಹುಟ್ಟುಹಬ್ಬದ ದಿನ ಮಾತ್ರ. ಹಾಗಾಗಿ ಬಿರುದು ಏರಿ, ಹುಟ್ಟುಹಬ್ಬ ಬಾರದ ಆ ಸಂದಿಯಲ್ಲಿ ಅವನು ಕೊಳ್ಳುವವರ ಕಣ್ಣಿಗೆ ಹೊಸ ಸರಕು, ಹಳೇ ಸಂಬಳ. ಹುಟ್ಟುಹಬ್ಬವೂ ನಮ್ಮಂತೆ ವರ್ಷಕ್ಕೊಮ್ಮೆಯಲ್ಲ. ಅಲ್ಲಿಯ ವರ್ಷಕ್ಕೆ 112 ದಿನ. ಹದಿನೇಳರ ಹುಡುಗನಿಗೆ ಮೂವತ್ತಾಗಲು ನಮ್ಮ ನಾಲ್ಕು ವರ್ಷ ಸಾಕು. ವಯಸ್ಸಾದಷ್ಟೂ ಕಲಿಯುವುದು ನಿಧಾನ. ತರಬೇತಿಗೆಂದು ಹುಡುಗರನ್ನು ಹುಡುಕುವವರು ಒಂದೊಂದು ಹುಟ್ಟುಹಬ್ಬಕ್ಕೂ ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ. ಸಾಲದ್ದಕ್ಕೆ ತನ್ನ ದೇಶ ಬಿಟ್ಟು ಆಡುವವನಿಗೆ ಶೇ. 20 ಹೆಚ್ಚು ಸಂಬಳ. ಭಾರತದಲ್ಲಿ ಕೂತು ಪೋಲೆಂಡಿನ ಮಾಣಿಯನ್ನು ಸಾಕುವ ನನ್ನಂಥವನು ವಾರವಾರ ಈ ಪರದೇಶ ಭತ್ಯೆ ಕಟ್ಟಬೇಕು.

ಇಷ್ಟೆಲ್ಲ ತಿಳಿದವನು ಮಾರಿದೆನೇ? ಇಲ್ಲ. ಇಪ್ಪತ್ತಕ್ಕೆ ಇನ್ನೂ ಏಳು ವಾರವಿತ್ತು. ಅಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿಬಿಟ್ಟರೆ? ಹದಿಮೂರನೆಯದಕ್ಕೆ 'ವಿಶ್ವದರ್ಜೆ' ಎಂದು ಹೆಸರು. ಹನ್ನೆರಡಕ್ಕೆ ಮಾರಿದವನನ್ನು ಯಾರು ನೆನೆಯುತ್ತಾರೆ?

ನನ್ನ ಭಾವಮೈದ ಮ್ಯೂನಿಕ್ಕಿನಲ್ಲಿದ್ದಾನೆ. ಅವನೂ ಇದೇ ಆಟದ ರೋಗಿ, ಆದರೆ ಲೆಕ್ಕದ ಮನುಷ್ಯ. "ಭಾವ, ಬೆನ್ಫಿಕಾದವರನ್ನ ನೋಡಿ. 2019ರಲ್ಲಿ ಹತ್ತೊಂಬತ್ತರ ಝೊವಾವ್ ಫೆಲಿಕ್ಸನ್ನ 12 ಕೋಟಿ 60 ಲಕ್ಷ ಯೂರೋಗೆ ಅಟ್ಲೆಟಿಕೊ ಮ್ಯಾಡ್ರಿಡ್‌ಗೆ ಕೊಟ್ಟು ಕೈ ತೊಳ್ಕೊಂಡ್ರು. ಇನ್ನೊಂದು ಕಡೆ ಡಾರ್ಟ್ಮಂಡ್‌ನೋರು ಲೆವಾಂಡೊವ್‌ಸ್ಕಿನ ಇಟ್ಕೊಂಡೇ ಕೂತ್ರು. ಕರಾರು ಮುಗೀತು, 2014ರಲ್ಲಿ ಒಂದು ಕಾಸೂ ಕೊಡದೆ ನಮ್ಮೂರ ಬಯರ್ನ್‌ಗೆ ಬಂದ. ನೀವು ಎರಡರಲ್ಲಿ ಯಾರಾಗ್ತೀರೋ ನೋಡ್ಕೊಳ್ಳಿ." ಆ 'ನಮ್ಮೂರ' ಎಂಬ ಮಾತಿಗೆ ನನಗೆ ಮೈ ಉರಿಯಿತು. ಅವನೂರು ಸಾಗರ. ಡಾರ್ಟ್ಮಂಡ್‌ನವರಿಗೂ ಆ ವರ್ಷಗಳಲ್ಲಿ ಅವನಿಂದ ಗೋಲು ಬಂದಿಲ್ಲವೇ ಎಂದು ವಾದಿಸಿದೆ. ವಾದದಲ್ಲಿ ಗೆದ್ದೆ.

ಆ ವಾರದ ಮಧ್ಯದ ಸ್ನೇಹಪಂದ್ಯದಲ್ಲೇ ಮಾಣಿಗೆ ಪೆಟ್ಟಾಯಿತು. ಸ್ನೇಹಪಂದ್ಯ! ಗೆದ್ದರೂ ಸೋತರೂ ಅಂಕವಿಲ್ಲದ, ಬರೀ ತರಬೇತಿಗೆಂದು ಆಡಿಸುವ ಪಂದ್ಯ. ಹೆಸರಿನ ಪಕ್ಕ ಕೆಂಪು ಗುರುತು, ಮೂರು ವಾರ. ಆಡದವನಿಗೆ ತರಬೇತಿಯಿಲ್ಲ. ನನ್ನ ಹೆಂಡತಿ ಅನ್ನಕ್ಕೆ ಸಾರು ಬಡಿಸುತ್ತಾ, "ಯಾಕ್ರೀ ಮುಖ ಹಾಗಿದೆ?" ಎಂದಳು. "ಮಾಣಿ ಕಾಲು" ಎಂದೆ. "ನಮ್ಮ ಮಗ ಸೈಕಲ್ಲಿಂದ ಬಿದ್ದಾಗ ಮೊಬೈಲ್ ಕೆಳಗಿಟ್ಟಿರಲಿಲ್ಲ" ಎಂದು ಸಾರಿನ ಪಾತ್ರೆ ಒಳಗೆ ಒಯ್ದಳು.

ಅವನು ಎದ್ದು ಓಡಾಡುವ ಹೊತ್ತಿಗೆ ಸೀಸನ್ ಮುಗಿಯುತ್ತಿತ್ತು. ಹದಿನಾಲ್ಕು ಪಂದ್ಯವಾದ ಮೇಲೆ ಎಲ್ಲರೂ ಮನೆ ಗುಡಿಸಲು ಹೊರಡುತ್ತಾರೆ, ಪೇಟೆಯಲ್ಲಿ ಮಾಲೇ ಮಾಲು. ಸುಗ್ಗಿಯಲ್ಲಿ ಧಾರಣೆ ಕುಸಿದಂತೆ. ಹೊಸ ಸೀಸನ್ನಿಗೆ ಏರುತ್ತದೆ, ತಡೆಯೋಣ ಎಂದುಕೊಂಡೆ. ತಡೆದೆ. ಇಪ್ಪತ್ತು ತುಂಬಿತು. ಸಂಬಳ ಏರಿತು. ವಿಶ್ವದರ್ಜೆ ಬರಲಿಲ್ಲ.

ಈ ಆಟದ ಎಲ್ಲ ಮ್ಯಾನೇಜರುಗಳಿಗೂ ಮಾರುವ ಸರಿಯಾದ ದಿನ ಗೊತ್ತು. ಅದು ಹೋದ ವಾರ. ಗೊತ್ತಿಲ್ಲದವರಿಗೂ ಗೊತ್ತು: ಮುಂದಿನ ವಾರ. ಈ ವಾರ ಮಾರಿದವರನ್ನು ನಾನು ಕಂಡಿಲ್ಲ, ಭಾವಮೈದನನ್ನು ಬಿಟ್ಟು.

ಕೊನೆಗೂ ನಿರ್ಧಾರವಾಯಿತು. ಅಲ್ಲಿಗೆ ಮುಗಿಯಲಿಲ್ಲ, ಗಳಿಗೆ ನೋಡಬೇಕು. ಪಟ್ಟಿಗೆ ಹಾಕಿದ ಕ್ಷಣದಿಂದ ಸರಿಯಾಗಿ ಮೂರು ದಿನಕ್ಕೆ ಹರಾಜು ಮುಗಿಯುತ್ತದೆ. ಕೊಳ್ಳುವವರು ಹೆಚ್ಚು ಯುರೋಪಿನವರು. ಅವರು ಊಟ ಮುಗಿಸಿ ಕೂರುವ ರಾತ್ರಿ ಎಂಟಕ್ಕೆ ಮುಗಿಯಬೇಕು. ಚಳಿಗಾಲದಲ್ಲಿ ಅವರ ಎಂಟು ನಮ್ಮ ಹನ್ನೆರಡೂವರೆ. ಅಂದರೆ ಭಾನುವಾರ ರಾತ್ರಿ ಹನ್ನೆರಡೂವರೆಗೆ ಮಾರಾಟವಾಗಬೇಕಾದರೆ ಗುರುವಾರ ರಾತ್ರಿ ಹನ್ನೆರಡೂವರೆಗೆ ಎದ್ದು ಗುಂಡಿ ಒತ್ತಬೇಕು. ಒತ್ತಿದ ಮೇಲೆ ವಾಪಸಿಲ್ಲ. ಮದುವೆಗೂ ಇಷ್ಟು ಕಟ್ಟುನಿಟ್ಟಿನ ಮುಹೂರ್ತ ಇಟ್ಟವರಲ್ಲ ನಾವು. ಮ್ಯೂನಿಕ್ಕಿನವನು ಮಾತ್ರ ಚಪಾತಿ ತಿನ್ನುತ್ತಾ ಎಡಗೈಲಿ ಮಾರುತ್ತಾನೆ.

ಭಾನುವಾರ ಕಂಬಳಿ ಹೊದ್ದು ಹಾಲಿನಲ್ಲಿ ಕೂತೆ. ಕೊನೆಯ ಮೂರು ನಿಮಿಷದಲ್ಲಿ ಯಾರಾದರೂ ಕೂಗಿದರೆ ಗಡುವು ಮತ್ತೆ ಮೂರು ನಿಮಿಷ ಮುಂದಕ್ಕೆ. ಇಬ್ಬರು ಹಿಡಿದರು: ಒಬ್ಬ ಉರುಗ್ವೆಯವನು, ಒಬ್ಬ ಪೋಲೆಂಡಿನವನು. ಹನ್ನೆರಡು ಮೂವತ್ಮೂರು. ಮೂವತ್ತಾರು. ಮೂವತ್ತೊಂಬತ್ತಕ್ಕೆ ಉರುಗ್ವೆ ಸುಮ್ಮನಾಯಿತು. ಮಾಣಿ ತನ್ನ ದೇಶಕ್ಕೇ ಹೋದ. ಅಲ್ಲಿ ಅವನ ಸಂಬಳದಿಂದ ಆ ಶೇ. 20 ಕಳೆಯುತ್ತದೆ, ಹೊಸ ಮಾಲೀಕ ಲೆಕ್ಕ ಹಾಕಿಯೇ ಕೂಗಿರಬೇಕು. ಬಂದ ಹಣದಲ್ಲಿ ಏಜೆಂಟು, ಅವನು ಬೆಳೆದ ತಾಯಿಕ್ಲಬ್ಬು ಎಲ್ಲರೂ ತಮ್ಮತಮ್ಮ ಪಾಲು ಹಿಡಿದುಕೊಂಡು ಉಳಿದದ್ದು ನನಗೆ. 'ಅಮೋಘ'ವಾದ ವಾರ ಅಂಥದ್ದೇ ಹುಡುಗ ಎಷ್ಟಕ್ಕೆ ಹೋಗಿದ್ದ ಎಂದು ಬರೆದಿಟ್ಟುಕೊಂಡ ಚೀಟಿ ಕಿಸೆಯಲ್ಲೇ ಇತ್ತು. ತೆಗೆದು ನೋಡಲಿಲ್ಲ. ಅರ್ಧವೂ ಬಂದಿರಲಿಲ್ಲ, ಬಾಯಿಪಾಠ ಇತ್ತು.

ಬೆಳಿಗ್ಗೆ ಆರಕ್ಕೆ ಅಪ್ಪಯ್ಯನ ಫೋನು.

"ಮಾಣಿ ಹೋದ್ನೇನೋ?"

"ಹೋದ ಅಪ್ಪಯ್ಯ."

"ಎಷ್ಟಕ್ಕೆ?"

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಅಟ್ಟದ ಮೇಲೆ ಹೋದ ವರ್ಷದ ರಾಶಿ ಅಡಿಕೆ ಹದಿನೆಂಟು ಮೂಟೆ ಇನ್ನೂ ಹಾಗೇ ಇದೆಯೆಂದು ಅಮ್ಮ ಮೊನ್ನೆಯಷ್ಟೇ ಹೇಳಿದ್ದಳು.

"ಇನ್ನೊಂದು ವಾರ ತಡೀಬಹುದಿತ್ತಲ್ಲೋ" ಎಂದರು.