ವಾಚು–ಫೋನು ಲಗ್ನ ಮೀಮಾಂಸೆ

ಗಡಿಯಾರವೊಂದು ಲಗ್ನ ಕೆಡಿಸಿದ ಮೊದಲ ಪ್ರಕರಣ ನಮ್ಮ ಜಿಲ್ಲೆಯದೇ ಎಂಬುದು ಈ ಪ್ರಬಂಧಕಾರನ ದೃಢಮತ. 1114ರಲ್ಲಿ ಹುಟ್ಟಿದ ಗಣಿತಜ್ಞ ಭಾಸ್ಕರಾಚಾರ್ಯರ ಊರು ವಿಜ್ಜಡವಿಡ ಎಂದರೆ ವಿಜಯಪುರವೇ. (ಚಾಳೀಸಗಾಂವ ಕಡೆಯವರ ವಾದ ಬೇರೆಯಿದೆ, ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.) ಗಳಿಗೆ ಬಟ್ಟಲಿನ ತೂತಿಗೆ ಮುತ್ತು ಸಿಕ್ಕಿ, ನೀರು ಏರದೆ, ಮಗಳು ಲೀಲಾವತಿಯ ಮುಹೂರ್ತ ತಪ್ಪಿತೆಂದು ಐತಿಹ್ಯ. ಈಗ ಗಡಿಯಾರಕ್ಕೇ ಲಗ್ನ ಮಾಡಬೇಕಾಗಿದೆ. ವರ ಮೊಬೈಲು, ಗಂಟು ಹಾಕುವ ಪುರೋಹಿತ ಬ್ಲೂಟೂತ್. ಅದು ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು.

ಭೀಮಾತೀರದ ಅಗರಖೇಡದ ಕಟ್ಟೆಯ ಮೇಲೆ ಎದ್ದ ಸಂಶಯಗಳಿಗೆ ಭಾಷ್ಯ ಹೀಗಿದೆ.

"ಫೋನ್ ಮನ್ಯಾಗಿಟ್ಟು ನಿಂಬಿ ತ್ವಾಟಕ್ಕ ಹೋದ್ರ ವಾಚಿನ್ಯಾಗ ಕಾಲ್ ಬರ್ತೈತೇನ್ರಿ?" ಬರುವುದಿಲ್ಲ. ಸಿಮ್ ಇರುವ ವಾಚಿನವರ ಮಾತು ಬೇರೆ. ಈ ದಾಂಪತ್ಯದ ಅಂತರ ಹೆಚ್ಚುಕಡಿಮೆ 10 ಮೀಟರು. ನಡುವೆ ಮಾಳಿಗೆಮನೆಯ ಮಣ್ಣಿನ ಗೋಡೆ ಬಂದರೆ ಅಷ್ಟೂ ಇಲ್ಲ.

ಹೊಸ ಫೋನಿಗೆ ಹಳೆಯ ವಾಚು ಕೂಡವಲ್ದು? ಸೋಡಚೀಟಿ ಆಗಿರುವುದಿಲ್ಲ. ಹಳೆಯ ಫೋನಿನ ಆಪ್‌ನಲ್ಲೂ ಬ್ಲೂಟೂತ್ ಪಟ್ಟಿಯಲ್ಲೂ ಹೆಸರು ಅಳಿಸಿ, ವಾಚನ್ನು ರೀಸೆಟ್ ಮಾಡಿದ ಮೇಲೇ ಉಡಿಕಿ.

ಜಟಿಲವಾದದ್ದು ಹೆಜ್ಜೆಯ ಪ್ರಶ್ನೆ. ಮೊಮ್ಮಗ ಕಟ್ಟಿದ ವಾಚಿನಲ್ಲೇ ನಮ್ಮ ಆಯಿ ಜೋಳದ ರೊಟ್ಟಿ ಬಡಿದಳು. ಬುಟ್ಟಿ ತುಂಬುವ ಹೊತ್ತಿಗೆ ವಾಚು ನಡುಗಿ, ಇವತ್ತಿನ ನಡಿಗೆ ಮುಗಿಯಿತೆಂದು ಅಭಿನಂದಿಸಿತು. "ನಾ ಎಲ್ಲಿಗಿ ಹೋಗೀನೋ? ಒಲಿ ಮುಂದ ಕುಂತೀನಿ!" ಆಯಿಯ ಆಕ್ಷೇಪ ಸಾಧುವೇ. ವಾಚಿಗೆ ಕಾಲು ಕಾಣುವುದಿಲ್ಲ. ಒಳಗಿನ ಆಕ್ಸೆಲೆರೋಮೀಟರ್ ಮುಂಗೈಯ ಅಲುಗಾಟ ಹಿಡಿದು ನಡಿಗೆಯನ್ನು ಊಹಿಸುತ್ತದೆ. ಹೊಗೆ ಕಂಡಲ್ಲಿ ಬೆಂಕಿ ಎನ್ನುವ ತಾರ್ಕಿಕರ ಅನುಮಾನ ಪ್ರಮಾಣವೇ ಇದು. ಇಲ್ಲಿ ಹೊಗೆಯೂ ಇತ್ತು, ಬೆಂಕಿಯೂ ಇತ್ತು, ನಡಿಗೆ ಮಾತ್ರ ಇರಲಿಲ್ಲ. ಅತ್ತ ಮೇವಿನ ಹೊರೆ ತಲೆಗೇರಿಸಿ, ಎರಡೂ ಕೈಯಿಂದ ಹಿಡಿದು ಹೊಲದಿಂದ ನಡೆದುಬಂದ ಕಾಕಾನ ಖಾತೆಗೆ ನಾಲ್ಕಾಣೆಯಷ್ಟೂ ಹೆಜ್ಜೆ ಬೀಳಲಿಲ್ಲ.

ವಾಚಿನ ತಳದ ಹಸಿರು ದೀಪ ದೆವ್ವವಲ್ಲ. ನೆತ್ತರು ಹಸಿರು ಬೆಳಕನ್ನು ಹೀರುತ್ತದೆ. ಹೀರುವುದರ ಏರಿಳಿತವೇ ನಾಡಿ.

ಇನ್ನು ಮುಹೂರ್ತ. ವಾಚು ಫೋನಿನಿಂದ ಪಡೆಯುವ ಗಂಟೆ 82.5 ಡಿಗ್ರಿ ರೇಖಾಂಶದ್ದು. ಅಗರಖೇಡದ ನೆತ್ತಿಗೆ ಸೂರ್ಯ ಬರುವುದು ಸರಾಸರಿ ಸುಮಾರು 25 ನಿಮಿಷ ತಡವಾಗಿ. ಗಳಿಗೆಗೆ 24 ನಿಮಿಷವಾದ್ದರಿಂದ, ಮುತ್ತು ಬೀಳದೆಯೂ ಇಲ್ಲಿ ದಿನಾ ಒಂದು ಗಳಿಗೆ ತಪ್ಪುತ್ತಲೇ ಇದೆ.

ಆಕ್ಷೇಪವಿದ್ದ ವಿದ್ವಾಂಸರು ಸಂಜೆ ಕಟ್ಟೆಗೆ ಬರಬೇಕು. ವಾಚೊಂದನ್ನೇ ಕಟ್ಟಿಕೊಂಡು ಬರಬೇಡಿ, ಜೇಬಿನಲ್ಲಿ ಫೋನೂ ಇರಲಿ.