ಕಿಸೆಯಲ್ಲೊಂದು ನಿಂಬೆಹಣ್ಣು

ಲಿಂಗಸುಗೂರಿನಿಂದ ಮಸ್ಕಿಗೆ, ಅಲ್ಲಿಂದ ಸಿಂಧನೂರಿಗೆ ಬಸ್ಸಿನಲ್ಲಿ ಬರುವವರಿಗೆ ಕಿಟಕಿಯಾಚೆ ಕಾಣುವುದು ಎರೆಹೊಲ. ಅದು ಮುಗಿದರೆ ಗುಂಡು, ಬಂಡೆ, ಗುಡ್ಡ. ಇಷ್ಟೆಲ್ಲ ಕಲ್ಲನ್ನು ಪುಕ್ಕಟೆ ನೋಡಿಕೊಂಡು ಬಂದ ನಾವು ಸಿಂಧನೂರಿನಲ್ಲಿ ಇಳಿದವರೇ ಕಲ್ಲಿನ ಅಂಗಡಿ ಹೊಕ್ಕು "ಚದರಡಿಗೆ ಎಷ್ಟ್ರೀ?" ಎಂದು ಕೇಳುತ್ತೇವೆ. ಭತ್ತಕ್ಕೆ ರೇಟು ಸಿಕ್ಕ ವರ್ಷ ಹೀಗೆ ಕೇಳುವವರು ಹೆಚ್ಚು. ಎಡದಂಡೆ ಕಾಲುವೆಗೆ ನೀರು ಬಾರದ ವರ್ಷ ಅಡುಗೆಕಟ್ಟೆಗೆ ಕಡಪಾ ಕಲ್ಲೇ ಲಕ್ಷಣ ಅನ್ನಿಸುತ್ತದೆ.

ಅಂಗಡಿಯಲ್ಲಿ ಕಲ್ಲಿಗಿಂತ ಹೆಸರಿಗೇ ಹೊಳಪು ಜಾಸ್ತಿ. ಬ್ಲ್ಯಾಕ್ ಗ್ಯಾಲಕ್ಸಿ ಆಂಧ್ರದ ಚೀಮಕುರ್ತಿಯಿಂದ ಬಂದಿರುತ್ತದೆ, ಟ್ಯಾನ್ ಬ್ರೌನ್ ಕರೀಂನಗರದ ಕಡೆಯಿಂದ. ನಮ್ಮ ಮುದಗಲ್ಲಿನ ಬೂದುಗಲ್ಲು, ಇಳಕಲ್ಲಿನ ಕೆಂಪುಗಲ್ಲು ಮೂಲೆಯಲ್ಲಿ ಧೂಳು ತಿನ್ನುತ್ತ ನಿಂತಿರುತ್ತವೆ. ಪಕ್ಕದ ಊರಿನ ಕಲ್ಲು ಹಾಕಿಸಿದೆವು ಎಂದರೆ ಗೃಹಪ್ರವೇಶಕ್ಕೆ ಬಂದವರ ಹೊಟ್ಟೆ ಉರಿಯುವುದಾದರೂ ಹೇಗೆ?

ಅಂಗಡಿಯ ಹುಡುಗ ಪೈಪು ಹಿಡಿದು ಕರಿಕಲ್ಲಿನ ಹಲಗೆಯೊಂದಕ್ಕೆ ನೀರು ಬಿಟ್ಟ. ನೀರು ಬಿದ್ದರೆ ಯಾವ ಕಲ್ಲೂ ಚೆಂದವೇ. ನನ್ನ ಹೆಂಡತಿ "ಇದ ಇರ್ಲಿ ಬಿಡ್ರಿ" ಅನ್ನುವಷ್ಟರಲ್ಲಿ ಅವ್ವ "ತಡೀರಿ, ಒಣಗ್ಲಿ" ಎಂದಳು. ನಮ್ಮ ಬಿಸಿಲಿಗೆ ಒಣಗಲು ಎಷ್ಟು ಹೊತ್ತು? ಒಣಗಿದ್ದೇ ನಡುವೆ ಕೂದಲೆಳೆಯ ಗೆರೆ ಕಂಡಿತು.

"ಅದು ಡಿಸೈನ್ ಐತ್ರಿ ಅಮ್ಮಾರ."

ಸಂತೆಯಲ್ಲಿ ಗಡಿಗೆ ಕೊಳ್ಳುವವಳ ಹಾಗೆ ಅವ್ವ ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದಳು. ಒಂದು ಕಡೆ ಠಣ್ ಅಂದಿತು, ಗೆರೆಯ ಹತ್ತಿರ ದಬ್. "ನಿನ್ನ ಡಿಸೈನ್ ಸೀಳೇತಪಾ" ಎಂದಳು. ಸೀಳಿಗೆ ಅಂಟು ತುಂಬಿ ಪಾಲಿಶ್ ಹೊಡೆದರೆ ಕಣ್ಣು ಮೋಸ ಹೋಗುತ್ತದೆ, ಕಿವಿ ಹೋಗುವುದಿಲ್ಲ. ಆಮೇಲೆ ಮೂಲೆಯ ಬೂದುಗಲ್ಲಿನ ಮೇಲೆ ಹಿಟ್ಟಿಲ್ಲದೆಯೇ ಎರಡು ರೊಟ್ಟಿ ಬಡಿದು, "ಇದು ನಡೀತೈತಿ" ಎಂದು ತೀರ್ಪು ಕೊಟ್ಟಳು.

ನಾನು ಕಿಸೆಯಿಂದ ನಿಂಬೆಹಣ್ಣು ತೆಗೆದೆ. ದೃಷ್ಟಿ ತೆಗೆಯುತ್ತಾರೆ ಅಂದುಕೊಂಡ ಅಂಗಡಿಯವ ಭಕ್ತಿಯಿಂದ ಹಿಂದೆ ಸರಿದ. ಕಡಪಾ ಕಲ್ಲು, ಶಹಾಬಾದಿ ಪರಸಿ, ಎರಡರಲ್ಲೂ ಸುಣ್ಣದ ಅಂಶ. ಹುಳಿ ಬಿದ್ದಲ್ಲಿ ಹೊಳಪು ಹೋಗಿ ಮಂಕಾಗುತ್ತವೆ. ಗ್ರಾನೈಟಿನದು ಬೆಣಚು, ಫೆಲ್ಡ್‌ಸ್ಪಾರ್ ಮೈ. ನಿಂಬೆರಸಕ್ಕೆ ಅದು ಜಗ್ಗದು. ವಾರಕ್ಕೆರಡು ಸಲ ಪುಂಡಿಪಲ್ಲೆ ಮಾಡುವ ಮನೆಗೆ ಈ ಪರೀಕ್ಷೆ ಬೇಕೇ ಬೇಕು. ಕರಿಕಲ್ಲಾದರೆ ಬಿಳಿಬಟ್ಟೆಗೆ ಥಿನ್ನರ್ ಹಚ್ಚಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬಣ್ಣ ಬಳಿದ ಕಲ್ಲು.

ಕಟ್ಟೆ ಕೂರಿಸಿದ ಮೇಲೆ ಮನೆಯ ಗಂಡಸರಿಗೆ ಹೊಸ ನೌಕರಿ. ಬೋರಿನ ಗಡಸು ನೀರು ನಲ್ಲಿಯ ಸುತ್ತ ಬಿಳಿ ಉಂಗುರ ಬಿಡುತ್ತದೆ, ಆಗಾಗ ಒಣಬಟ್ಟೆಯಲ್ಲಿ ಒರೆಸಬೇಕು. ಗ್ರಾನೈಟಿಗೂ ಕಣ್ಣಿಗೆ ಕಾಣದ ರಂಧ್ರಗಳಿವೆ; ಎಣ್ಣೆಗಾಯಿಯ ಎಣ್ಣೆ ಅಲ್ಲಿಗೆ ಇಳಿದರೆ ಕಲೆ ಉಳಿಯುತ್ತದೆ. ಅಡುಗೆ ಸೋಡಾ ಗಟ್ಟಿಯಾಗಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಅಷ್ಟಿಷ್ಟು ಹೀರಿಕೊಳ್ಳುತ್ತದೆ. ಪಾಯಿಖಾನೆ ತೊಳೆಯುವ ಆ್ಯಸಿಡ್ ಮಾತ್ರ ಹತ್ತಿರ ತರಬೇಡಿ.

"ಮಸ್ಕಿ ಬಂಡಿಗೆ ಯಾರ್ ಸೋಡಾ ಹಚ್ಚಿದ್ರು?" ಎಂದು ಒಮ್ಮೆ ಹೆಂಡತಿಯನ್ನು ಕೇಳಿದೆ. 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ ಬಿದ್ದ ಶಾಸನ ಅದು. ಅಶೋಕನ ಹೆಸರೇ ಅದರಲ್ಲಿದೆ. ಎರಡು ಸಾವಿರ ವರ್ಷ ಒರೆಸುವವರಿಲ್ಲದೆಯೂ ಅಕ್ಷರ ಉಳಿದಿವೆ.

"ಅದರ ಮ್ಯಾಲೆ ನಿಮ್ಮಂಥವ್ರು ಯಾರೂ ಎಣ್ಣಿಗಾಯಿ ಚೆಲ್ಲಿದ್ದಿಲ್ರಿ" ಎಂದಳು. ಬಟ್ಟೆ ಕೈಗೆ ಬಂತು.

ನೀವೂ ಕೊಳ್ಳುವವರಿದ್ದರೆ ಮನೆಯ ಹಿರಿಯಳನ್ನೂ ನಿಂಬೆಹಣ್ಣನ್ನೂ ಮರೆಯದೆ ಕರೆದೊಯ್ಯಿರಿ. ಬಚ್ಚಲಿಗೆ ಮಾತ್ರ ಪಾಲಿಶ್ ಕಲ್ಲು ಬೇಡ, ಒರಟು ಕಲ್ಲನ್ನೇ ಹಾಕಿಸಿ. ಜಾರಿ ಬಿದ್ದರೆ ಗ್ರಾನೈಟಿಗೆ ಏನೂ ಆಗುವುದಿಲ್ಲ.